ಗಾಣದ ಬೀದಿಯಲ್ಲಿ ನಿಲ್ಲುವ ಪಿಕಪ್

ನಮ್ಮ ಪಿಕಪ್ಪಿಗೆ ಇಪ್ಪತ್ತೆರಡು ವರ್ಷ ತುಂಬಿದ ವಾರದಲ್ಲೇ ಅದರ ಎಡಗಡೆಯ ಬಾಗಿಲು ಕಳಚಿಕೊಂಡು ತರಕಾರಿ ಮಾರುಕಟ್ಟೆಯ ಎದುರು ನಡುರಸ್ತೆಯಲ್ಲಿ ಬಿತ್ತು. ಬಾಗಿಲಿಗೆ ಒರಗಿ ಕೂತಿದ್ದ ನಮ್ಮ ಯಜಮಾನರೂ ಅದರ ಜೊತೆಗೇ ಬಿದ್ದರು. ಗಾಡಿ ಆಮೆಯ ಹಾಗೆ ಹೋಗುತ್ತಿದ್ದುದರಿಂದ ಹೆಚ್ಚೇನೂ ಏಟಾಗಲಿಲ್ಲ. ತೊಡೆಯ ಮೇಲಿದ್ದ ಮೊಸರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಒಂದು ತೊಟ್ಟೂ ಚೆಲ್ಲದ ಹಾಗೆ ರಸ್ತೆಯಲ್ಲಿ ಕೂತಿದ್ದರು. ನಾನು ಇಳಿದು ಹೋಗಿ ಮೊದಲು ಪಾತ್ರೆಯನ್ನು ತೆಗೆದುಕೊಂಡೆ, ಆಮೇಲೆ ಅವರ ಕೈ ಹಿಡಿದು ಎತ್ತಿದೆ. ಆ ಅನುಕ್ರಮವನ್ನು ಅವರು ಇವತ್ತಿಗೂ ಮರೆತಿಲ್ಲ.

"ನೀಲಾ, ಇನ್ನು ಸಾಕು," ಅಂದರು ಪಂಚೆಯ ಧೂಳು ಕೊಡವುತ್ತ. "ಇದನ್ನ ಭುಜಂಗನಿಗೆ ಕೊಟ್ಟು ಹೊಸ ಗಾಡಿ ತರೋಣ."

"ರಿಪೇರಿ ಮಾಡಿಸಿದ್ರಾಯ್ತು ಬಿಡ್ರೀ."

"ಬಾಗಿಲು ರಿಪೇರಿ ಮಾಡಿಸಬಹುದು ಕಣೆ. ನನ್ನ ಸೊಂಟ ಯಾರು ರಿಪೇರಿ ಮಾಡ್ತಾರೆ?"

ನಮ್ಮದು ಅಡುಗೆ ಗುತ್ತಿಗೆ. ಮದುವೆ, ನಾಮಕರಣ, ಗೃಹಪ್ರವೇಶ, ಏನಿದ್ದರೂ ಐವತ್ತು ಎಲೆಯಿಂದ ಐನೂರು ಎಲೆಯವರೆಗೆ ನಾವು ಬಡಿಸುತ್ತೇವೆ. ನಮ್ಮತ್ತೆ ಕಟ್ಟಿದ ಕಸುಬು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೇರಿಂಗಿಗೆ ಎದೆಯಾನಿಸಿ ಈ ಪಿಕಪ್ಪನ್ನು ಓಡಿಸುತ್ತಿದ್ದ ಆಕೆಯನ್ನು ಕಂಡರೆ ಬಸ್ಸಿನವರೂ ದಾರಿ ಬಿಡುತ್ತಿದ್ದರು. ಆಕೆ ಹೋಗಿ ಏಳು ವರ್ಷವಾಯಿತು. ಈಗ ಬೆಳಗಿನ ಹೊತ್ತು ಗಾಡಿ ನನ್ನದು. ಸೋಮವಾರ ಸಂಜೆ ಗ್ಯಾಸ್ ಸಿಲಿಂಡರ್ ತರಲು ಮಾತ್ರ ನಮ್ಮ ಯಜಮಾನರು ಷಡಕ್ಷರಿಯವರದು. ಊರಿನಲ್ಲಿ ನಮ್ಮ ಹೆಸರು ನಿಂತಿರುವುದು ಹೋಳಿಗೆಯ ಮೇಲೆ. ಬೆಳಕಿಗೆ ಹಿಡಿದರೆ ಆಚೆ ಕಡೆಯವರ ಮುಖ ಕಾಣುವಷ್ಟು ತೆಳು. ಅತ್ತೆಯ ಕೈಗುಣ ಸೊಸೆಗೆ ಬಂದಿದೆ ಎಂದು ಊರೆಲ್ಲ ಹೇಳುತ್ತಿತ್ತು.

ಬಾಗಿಲು ಬಿದ್ದ ಮಧ್ಯಾಹ್ನವೇ ಗಾಡಿಯನ್ನು ತಿಪ್ಪೇರುದ್ರ ಮೇಸ್ತ್ರಿಯ ಗ್ಯಾರೇಜಿಗೆ ಒಯ್ದೆವು. ಅವನು ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಮುಚ್ಚಿ, ಸತ್ತವರ ಮನೆಗೆ ಬಂದವನ ಹಾಗೆ ಕೈ ಕಟ್ಟಿ ನಿಂತ.

"ಕ್ಲಚ್ಚು ಹೋಗಿದೆ, ಗೇರ್ ಬಾಕ್ಸು ಹೋಗೋದರಲ್ಲಿದೆ, ಕೆಳಗಿನ ತಗಡು ಹೋಗಿ ರಸ್ತೆ ಕಾಣ್ತಿದೆ. ಒಂದು ಹಾರನ್ ಮಾತ್ರ ಹೊಸದರ ಹಾಗಿದೆ ಅಕ್ಕ. ನೀವು ಹಾರನ್ ಹೊಡೆಯೋದೇ ಇಲ್ವಾ?"

"ಹಾರನ್ ಯಾಕೆ? ಬರ್ತಿರೋದು ಎರಡು ಬೀದಿ ಆಚೆಗೇ ಕೇಳುತ್ತೆ," ಅಂದರು ನಮ್ಮವರು. "ನೀನೇ ಹೇಳಪ್ಪ, ರಿಪೇರಿ ಮಾಡಿಸೋದಾ, ಎಕ್ಸ್‌ಚೇಂಜಿಗೆ ಕೊಡೋದಾ?"

ತಿಪ್ಪೇರುದ್ರ ನನ್ನ ಮುಖ ನೋಡಿದ. "ಮಾಡಿದ್ರೆ ಇನ್ನು ಐದಾರು ವರ್ಷ ಓಡುತ್ತೆ. ಆದ್ರೆ ಒಂದು ತಿಂಗಳ ಕೆಲಸ, ಖರ್ಚೂ ಇದೆ. ಕೊಡೋದಾದ್ರೆ..." ಎಂದು ತಡೆದು, "ಅದು ಎಲ್ಲೆಲ್ಲಿ ನಿಲ್ಲುತ್ತೆ ಅನ್ನೋದರ ಮೇಲೆ ಹೋಗುತ್ತಕ್ಕ," ಅಂದ.

ನಮ್ಮೂರಿನಲ್ಲಿ ಗಾಡಿಗಳಿಗೆ ಹದಿನೈದು ವರ್ಷ ತುಂಬಿದ ಮೇಲೆ, ಓಡಿಸುವವರು ಪದೇ ಪದೇ ನಿಲ್ಲಿಸಿದ ಜಾಗಗಳಲ್ಲಿ ಅವು ತಾವಾಗಿಯೇ ನಿಲ್ಲತೊಡಗುತ್ತವೆ. ಯಾರೋ ಕೀಲಿ ತಿರುಗಿಸಿದ ಹಾಗೆ ಎಂಜಿನ್ ಆರುತ್ತದೆ. ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಹೊರಡುತ್ತದೆ. ಗಾಡಿ ಕೈ ಬದಲಾದರೂ ಈ ಅಭ್ಯಾಸ ಹೋಗುವುದಿಲ್ಲ, ಎಂಜಿನ್ನೇ ಬದಲಾಯಿಸಿದರೂ ಹೋಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಹಳೆಯ ಸ್ಕೂಟರ್ ಕೊಂಡವನಿಗೆ ಸ್ಕೂಟರಿನ ಜೊತೆ ಮಾರಿದವನ ಚರಿತ್ರೆಯೂ ಸಿಗುತ್ತದೆ. ಸಕ್ಕರೆ ಕಾಯಿಲೆಯ ಬಗ್ಗೆ ಭಾಷಣ ಮಾಡುತ್ತಿದ್ದ ಡಾಕ್ಟರರ ಸ್ಕೂಟರ್ ಜಿಲೇಬಿ ಅಂಗಡಿಯ ಹಿಂಬಾಗಿಲಲ್ಲಿ ನಿಂತದ್ದು ಇಡೀ ಊರಿಗೇ ಗೊತ್ತು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು "ಒಂದು ಸುತ್ತು ಹೋಗಿ ಬರ್ತೀವಿ, ನಿಮ್ಮ ಗಾಡಿ ಕೊಡ್ತೀರಾ?" ಎಂದು ಕೇಳುವುದೂ, ಹೆಣ್ಣಿನ ತಂದೆ "ಪಂಕ್ಚರ್ ಆಗಿದೆ" ಎನ್ನುವುದೂ ವಾಡಿಕೆ. ಜಾಣರು ಹದಿನಾಲ್ಕನೇ ವರ್ಷಕ್ಕೇ ಗಾಡಿ ಬದಲಾಯಿಸುತ್ತಾರೆ. ಇನ್ನೂ ಜಾಣರು ನಡೆದುಕೊಂಡು ಹೋಗುತ್ತಾರೆ.

ಭುಜಂಗ ಹಳೆಯ ಗಾಡಿ ಕೊಂಡು ಹೊಸದನ್ನು ಕೊಡುವವನು. ಅವನಷ್ಟು ಒಳ್ಳೆಯ ಬೆಲೆ ಬೇರೆ ಯಾರೂ ಕೊಡುತ್ತಿರಲಿಲ್ಲ. ಆದರೆ ಬೆಲೆ ಕಟ್ಟುವ ಮೊದಲು ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಗಾಡಿಯನ್ನು ಊರಿನ ಒಂದು ಬೀದಿಯೂ ಬಿಡದೆ ಓಡಿಸುತ್ತಿದ್ದ. "ಬ್ರೇಕ್ ನೋಡ್ತೀನಿ ಅಷ್ಟೆ," ಎನ್ನುತ್ತಿದ್ದ. ಅವನು ನೋಡುತ್ತಿದ್ದದ್ದು ಬ್ರೇಕ್ ಅಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಸಾಲದ್ದಕ್ಕೆ ಅವನ ತಂಗಿ ಸರ್ವಮಂಗಳ ಊರಿನ ಇನ್ನೊಂದು ಅಡುಗೆ ಗುತ್ತಿಗೆಯವಳು, ನನಗೆ ಸರಿಸಮ ಎದುರಾಳಿ. ಆಕೆಯ ಸಾರನ್ನು ಒಂದು ಮದುವೆಯಲ್ಲಿ ಕದ್ದು ಮುಚ್ಚಿ ರುಚಿ ನೋಡಿದ್ದೆ. ಮೂರು ದಿನ ನಿದ್ದೆ ಬಂದಿರಲಿಲ್ಲ. ಅದರಲ್ಲಿ ಏನು ಹಾಕುತ್ತಾಳೆಂದು ತಲೆ ಕೆಡಿಸಿಕೊಂಡರೂ ಹೊಳೆದಿರಲಿಲ್ಲ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಮ್ಮ ಹೋಳಿಗೆ ನಾನು ಮಾಡುವುದಲ್ಲ.

ಅತ್ತೆ ತೀರಿಕೊಂಡ ಮೇಲೆ ನಾನು ಹೋಳಿಗೆ ತಟ್ಟಲು ಕೂತೆ. ಮೊದಲ ವಾರ ಹೂರಣ ಹೊರಗೆ ಬಂತು, ಎರಡನೇ ವಾರ ಕಣಕ ಚರ್ಮದ ಹಾಗಾಯಿತು. ಅತ್ತೆ ಯಾವತ್ತೂ ಹೋಳಿಗೆ ಮಾಡುವಾಗ ಯಾರನ್ನೂ ಒಳಗೆ ಬಿಟ್ಟವರಲ್ಲ. ಹಿಂದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಾಗಾಗಿ ನಾನು ಕಲಿಯಲೂ ಇಲ್ಲ. ಮೂರನೇ ವಾರ ಬೆಳಗಿನ ಐದು ಗಂಟೆಗೆ ಮಾರುಕಟ್ಟೆಗೆ ಹೊರಟವಳು ಹತ್ತಿರದ ದಾರಿಯೆಂದು ಗಾಣದ ಬೀದಿಗೆ ತಿರುಗಿಸಿದೆ. ಗಾಡಿಗೆ ಆಗಷ್ಟೇ ಹದಿನೈದು ತುಂಬಿತ್ತು. ಏಳನೇ ಮನೆಯ ಮುಂದೆ ತಣ್ಣಗೆ ನಿಂತುಬಿಟ್ಟಿತು. ಬಾಗಿಲು ತೆರೆದು ಮರುಳಸಿದ್ದಯ್ಯ ಮೇಷ್ಟ್ರು ಹೊರಗೆ ಬಂದರು. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಊರಿನ ಅರ್ಧ ಜನರ ಕಿವಿ ಹಿಂಡಿದವರು, ಇನ್ನರ್ಧ ಜನರನ್ನು ಮೈದಾನದ ಸುತ್ತ ಓಡಿಸಿದವರು. ಅವರ ಕೈಯಲ್ಲಿ ಬಾಳೆ ಎಲೆ ಮುಚ್ಚಿದ ಬುಟ್ಟಿ, ಮೊಣಕೈವರೆಗೆ ಮೈದಾಹಿಟ್ಟು.

"ಎರಡು ವಾರದಿಂದ ನಿಮ್ಮ ಮನೆಯಿಂದ ಯಾಕಮ್ಮಾ ಯಾರೂ ಬರಲಿಲ್ಲ?" ಅಂದರು ಗದರಿಸುವ ದನಿಯಲ್ಲಿ. "ಮಾಡಿದ್ದೆಲ್ಲ ನಾನೊಬ್ಬನೇ ತಿನ್ನಬೇಕಾಯ್ತು."

ಮೇಷ್ಟ್ರ ಹೆಂಡತಿ ಮದುವೆಯಾದ ಮೂರನೇ ವರ್ಷಕ್ಕೇ ಹಾಸಿಗೆ ಹಿಡಿದಿದ್ದರಂತೆ. ಮಲಗಿದಲ್ಲಿಂದಲೇ ಆಕೆ ಹೇಳುತ್ತ ಹೋಗಿ, ಈತ ಒಲೆಯ ಮುಂದೆ ಕೂತು ಅಡುಗೆ ಕಲಿತರಂತೆ. ನಮ್ಮತ್ತೆ ಆ ದಿನಗಳಲ್ಲಿ ಅವರ ಮನೆಗೆ ಊಟ ತಲುಪಿಸುತ್ತಿದ್ದರು. ಪಾತ್ರೆ ಖಾಲಿ ಕೊಡಬಾರದೆಂದು ಮೇಷ್ಟ್ರು ಒಂದು ಸಲ ಅದರಲ್ಲಿ ನಾಲ್ಕು ಹೋಳಿಗೆ ಇಟ್ಟು ಕೊಟ್ಟರು. ಅಲ್ಲಿಂದ ಶುರುವಾದದ್ದು. ಹೆಂಡತಿ ಹೋದ ಮೇಲೂ ನಿಲ್ಲಲಿಲ್ಲ. ಒಂದೇ ಒಂದು ಷರತ್ತು: ಯಾರಿಗೂ ತಿಳಿಯಬಾರದು. "ನಾಳೆ ಯಾವನಾದ್ರೂ ನನ್ನ ಹೋಳಿಗೆ ಮೇಷ್ಟ್ರು ಅಂದ್ರೆ ನಾನು ಬೀದಿಯಲ್ಲಿ ತಲೆಯೆತ್ತಿ ನಡೆಯೋದು ಹೇಗಮ್ಮಾ?" ಎಂದು ನನಗೂ ಅದೇ ಷರತ್ತು ಹಾಕಿದರು. ನನಗೂ ಬೇಕಾಗಿದ್ದದ್ದು ಅದೇ.

ಈಗ ಭುಜಂಗ ಗಾಡಿ ಓಡಿಸಿದರೆ ಅದು ಮೇಷ್ಟ್ರ ಮನೆಯ ಮುಂದೆ ನಿಲ್ಲುತ್ತದೆ. ಮಾರನೆಯ ದಿನ ಸರ್ವಮಂಗಳ ಬುಟ್ಟಿ ಹಿಡಿದು ಅಲ್ಲಿರುತ್ತಾಳೆ. ಅದಕ್ಕೇ ನಾನು ರಿಪೇರಿ ರಿಪೇರಿ ಎಂದು ಜಪ ಮಾಡುತ್ತಿದ್ದದ್ದು. ನಮ್ಮವರಿಗೋ ಸೊಂಟ ನೋವು.

"ನಿಂಗೆ ಯಾಕೆ ಅದರ ಮೇಲೆ ಅಷ್ಟು ಮಮಕಾರ?" ಎಂದು ರಾತ್ರಿ ಊಟದ ಹೊತ್ತಿಗೆ ಕೇಳಿದರು.

"ಅತ್ತೆ ಓಡಿಸಿದ ಗಾಡಿ ಅಲ್ವೇನ್ರೀ."

"ಮೊನ್ನೆ ಸ್ಟಾರ್ಟ್ ಆಗದೆ ಇದ್ದಾಗ ಅದನ್ನ ಒದ್ದೆ. ಅತ್ತೆ ಗಾಡಿ ಅಂತ ಆಗ ನೆನಪಾಗ್ಲಿಲ್ವಾ?"

ಅವರ ತಟ್ಟೆಗೆ ಅನ್ನ ಬಡಿಸಿದೆ, ಸಾರು ಬಡಿಸಿದೆ. ಕೊನೆಗೆ, "ಆಷಾಢ ಬರ್ತಿದೆ. ಆಷಾಢದಲ್ಲಿ ಯಾರಾದ್ರೂ ಹೊಸ ಗಾಡಿ ತರ್ತಾರಾ? ಶ್ರಾವಣ ಬರಲಿ," ಅಂದೆ. ಅದಕ್ಕೆ ಅವರು ಒಪ್ಪಲೇಬೇಕಾಯಿತು. ನನಗೆ ಒಂದು ತಿಂಗಳು ಸಿಕ್ಕಿತು.

ಮರುದಿನ ಮೇಷ್ಟ್ರಲ್ಲಿಗೆ ಹೋಗಿ ಎಲ್ಲ ಹೇಳಿದೆ. ಅವರು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಜಗುಲಿಯ ಮೇಲೆ ಅತ್ತಿಂದಿತ್ತ ಎರಡು ಸಲ ನಡೆದರು.

"ಸಾಲಿನಲ್ಲಿ ಒಬ್ಬ ಮಾತ್ರ ಅಲ್ಲಾಡಿದ್ರೆ ಕಣ್ಣಿಗೆ ಬೀಳ್ತಾನೆ. ಸಾಲಿಗೆ ಸಾಲೇ ಅಲ್ಲಾಡಿದ್ರೆ ಮೇಷ್ಟ್ರು ಯಾರಿಗೆ ಹೊಡೀತಾನೆ?" ಅಂದರು. "ಈ ಬೀದೀಲಿ ಹನ್ನೊಂದು ಮನೆ ಇದೆ. ಹನ್ನೊಂದರ ಮುಂದೂ ನಿಲ್ಲಿಸೋದು ಕಲಿಸು."

ಎಷ್ಟು ಸಲ ನಿಲ್ಲಿಸಿದರೆ ಗಾಡಿ ಕಲಿಯುತ್ತದೆಂದು ತಿಪ್ಪೇರುದ್ರನನ್ನು ಕೇಳಿದೆ. "ಇಪ್ಪತ್ತೈದು, ಮೂವತ್ತು ಸಲ ಆದ್ರೆ ಹಿಡ್ಕೊಳುತ್ತೆ," ಅಂದ. ಯಾಕೆಂದು ಕೇಳಲಿಲ್ಲ. ಅವನು ಯಾವತ್ತೂ ಯಾರನ್ನೂ ಯಾಕೆಂದು ಕೇಳುವುದಿಲ್ಲ. ಅವನ ಗ್ಯಾರೇಜು ಅಷ್ಟು ಚೆನ್ನಾಗಿ ನಡೆಯುವುದೇ ಅದರಿಂದ. ಬಿದ್ದ ಬಾಗಿಲನ್ನು ಹಗ್ಗದಿಂದ ಬಿಗಿದು, ಕ್ಲಚ್ಚಿಗೆ ಏನೋ ಮಾಡಿ, "ಶ್ರಾವಣದವರೆಗೆ ಉಸಿರು ಹಿಡ್ಕೊಂಡಿರುತ್ತೆ ಅಕ್ಕ," ಎಂದು ಕಳಿಸಿದ.

ಆಷಾಢದಲ್ಲಿ ಮದುವೆಗಳಿಲ್ಲ, ಕೆಲಸವಿಲ್ಲ. ದಿನಾ ಬೆಳಿಗ್ಗೆ ಗಾಣದ ಬೀದಿಗೆ ಹೋಗಿ ಹನ್ನೊಂದು ಮನೆಗಳ ಮುಂದೆ ನಿಲ್ಲಿಸುವುದೇ ನನ್ನ ಕೆಲಸವಾಯಿತು. ಸುಮ್ಮನೆ ನಿಂತರೆ ಜನ ಏನೆಂದುಕೊಂಡಾರು? ಮೊದಲ ದಿನ ಎಲ್ಲ ಮನೆಗೂ ಸಾರಿನಪುಡಿಯ ಸಣ್ಣ ಪೊಟ್ಟಣ ಕೊಟ್ಟು, "ಹೊಸದಾಗಿ ಕುಟ್ಟಿದ್ದು, ರುಚಿ ನೋಡಿ ಹೇಳಿ," ಅಂದೆ. ಎರಡನೇ ದಿನ ರುಚಿ ಹೇಗಿತ್ತೆಂದು ಕೇಳಿದೆ. ಮೂರನೇ ದಿನ ಕರಿಬೇವು ಬೇಡಿದೆ. ನಾಲ್ಕನೇ ದಿನ ಕರಿಬೇವಿಗೆ ಪ್ರತಿಯಾಗಿ ಉಪ್ಪಿನಕಾಯಿ ಕೊಟ್ಟೆ. ಎರಡನೇ ವಾರದ ಹೊತ್ತಿಗೆ ಎಲ್ಲಾ ಮನೆಯ ಮಂಡಿನೋವು, ನಾದಿನಿಯರ ಕಾಟ, ಮಕ್ಕಳ ಪರೀಕ್ಷೆ ನನಗೆ ಬಾಯಿಪಾಠವಾಗಿತ್ತು. ಮೂರನೇ ಮನೆಯ ಮುದುಕಿ ನನ್ನ ಕೈ ಹಿಡಿದು, "ನಮ್ಮ ನಲ್ಲೀಲಿ ನೀರು ಬಂದು ಎಂಟು ದಿನ ಆಯ್ತವ್ವ, ನೀನು ಗೆದ್ದ ಮೇಲೆ ಮರೀಬೇಡ," ಅಂದಳು.

"ಏನು ಗೆದ್ದ ಮೇಲೆ ಅಜ್ಜಿ?"

"ಇರ್ಲಿ ಬಿಡು, ಈಗ್ಲೇ ಹೇಳ್ಬಾರ್ದು ಅಂತಿದ್ರೆ ಹೇಳ್ಬೇಡ," ಎಂದು ಕಣ್ಣು ಮಿಟುಕಿಸಿದಳು.

ನಾನು ಪುರಸಭೆಯ ಚುನಾವಣೆಗೆ ನಿಲ್ಲುತ್ತೇನೆಂದು ಗಾಣದ ಬೀದಿ ತೀರ್ಮಾನ ಮಾಡಿಯಾಗಿತ್ತು. ಯಾರೂ ಏನೂ ಬಯಸದೆ ಉಪ್ಪಿನಕಾಯಿ ಕೊಡುತ್ತಾರೆಯೇ? ವಾರ ಕಳೆಯುವುದರಲ್ಲಿ ಆ ಸುದ್ದಿ ನಮ್ಮ ಮನೆಗೂ ಬಂತು. ನಮ್ಮವರು ಕನ್ನಡಕ ತೆಗೆದು ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿ, "ಹೇಳಿದ್ರೆ ನಾನೇನು ಬೇಡ ಅಂತಿದ್ನಾ?" ಅಂದರು. ಅಲ್ಲವೆನ್ನಲು ಬಾಯಿ ತೆರೆದೆ. ಅಲ್ಲವೆಂದರೆ ಮತ್ತೇಕೆ ದಿನಾ ಹೋಗುತ್ತೀಯೆಂದು ಕೇಳುತ್ತಾರೆ. ಬಾಯಿ ಮುಚ್ಚಿದೆ. ಮರುದಿನದಿಂದ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಓಡಾಡತೊಡಗಿದರು.

ಇಪ್ಪತ್ತೇಳನೇ ದಿನ ನಾನು ಬ್ರೇಕ್ ಒತ್ತದೆಯೇ ಗಾಡಿ ಮೊದಲನೇ ಮನೆಯ ಮುಂದೆ ನಿಂತಿತು. ಎರಡನೆಯದರ ಮುಂದೂ ನಿಂತಿತು. ಹನ್ನೊಂದೂ ಮುಗಿದಾಗ ಹೆತ್ತ ಮಗು ಮಗ್ಗಿ ಒಪ್ಪಿಸಿದಷ್ಟು ಸಂತೋಷವಾಯಿತು.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಭುಜಂಗನ ಅಂಗಡಿಗೆ ಹೋದೆವು. ಅವನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಗ್ಗ ಕಟ್ಟಿದ ಬಾಗಿಲಿಗೆ ನಕ್ಕು, "ಬನ್ನಿ ನೀಲಕ್ಕ, ಷಡಕ್ಷರಣ್ಣ, ಬ್ರೇಕ್ ನೋಡಿಬಿಡೋಣ," ಎಂದು ಸ್ಟೇರಿಂಗ್ ಹಿಡಿದ. ನಾನು ನಡುವೆ ಕೂತೆ. ನಮ್ಮವರು ಬಾಗಿಲಿನ ಕಡೆ, ಹಗ್ಗವನ್ನು ಕೈಗೆ ಸುತ್ತಿಕೊಂಡು ಕೂತರು.

ನಾಲ್ಕು ಬೀದಿ ಏನೂ ಆಗಲಿಲ್ಲ. ಗಾಣದ ಬೀದಿಗೆ ತಿರುಗಿದ್ದೇ ತಡ, ಮೊದಲ ಮನೆಯ ಮುಂದೆ ಎಂಜಿನ್ ಆರಿತು. ಭುಜಂಗನ ಕಣ್ಣು ಅರಳಿತು. "ಓಹೋ," ಎಂದು ಮನೆಯ ಕಡೆ ಕತ್ತು ಚಾಚಿದ. ಒಳಗಿಂದ ಹೆಂಗಸೊಬ್ಬರು ಬಂದು, "ಅಕ್ಕಾ, ಬೀದಿ ದೀಪದ ವಿಷಯ ಮರೀಬೇಡಿ," ಅಂದರು. ಗಾಡಿ ಹೊರಟಿತು, ಎರಡನೇ ಮನೆಯ ಮುಂದೆ ನಿಂತಿತು. ಅಲ್ಲಿ ಚರಂಡಿಯ ವಿಷಯ. ಮೂರನೇ ಮನೆಯ ಮುದುಕಿ ಭುಜಂಗನನ್ನೇ ನನ್ನ ಕಡೆಯವನೆಂದು ತಿಳಿದು ಅವನ ಕೈಗೆ ಖಾಲಿ ಕೊಡ ಕೊಟ್ಟು, "ನೀನೇ ನೋಡಪ್ಪ, ಒಣಗಿ ಹೋಗಿದೆ," ಅಂದಳು. ಅವನು ಕೊಡದೊಳಗೆ ಇಣುಕಿ ನೋಡಿ, "ಹೌದು, ಒಣಗಿದೆ," ಎಂದು ಹಿಂದಿರುಗಿಸಿದ. ಆರನೇ ಮನೆಯ ಹೊತ್ತಿಗೆ ಅವನ ಹಣೆಯಲ್ಲಿ ಬೆವರು ಕಂಡಿತು.

ಏಳನೇ ಮನೆ. ಮೇಷ್ಟ್ರು ಹೊರಗೆ ಕೂತಿದ್ದರು. ಯಾಕೋ ಅವತ್ತು ನುಣ್ಣಗೆ ಮುಖ ಕ್ಷೌರ ಮಾಡಿಕೊಂಡು, ಬಿಳಿ ಅಂಗಿ ಹಾಕಿದ್ದರು.

"ಭುಜಂಗ! ಬೆನ್ನು!" ಅಂದರು.

ಐವತ್ತು ದಾಟಿದ ಭುಜಂಗ ಚಟ್ಟನೆ ಬೆನ್ನು ನೆಟ್ಟಗೆ ಮಾಡಿದ. "ನಮಸ್ಕಾರ ಸಾರ್." ಅಷ್ಟರಲ್ಲಿ ಗಾಳಿ ಬೀಸಿತು. ಒಳಗಿನಿಂದ ಬೆಲ್ಲ, ಏಲಕ್ಕಿ, ತುಪ್ಪದ ಘಮ ಬಂತು. ಮೇಷ್ಟ್ರು ಅವತ್ತೇ ಯಾಕೆ ಹೂರಣ ಬೇಯಲಿಟ್ಟರೋ! ಭುಜಂಗನ ಮೂಗು ಅಲ್ಲಾಡಿತು. "ಏನಿದು, ಹೋಳಿಗೆ ವಾಸನೆ..." ಎಂದು ಶುರು ಮಾಡಿದ.

"ಅಯ್ಯೋ, ಅದು ಗಾಡಿದು ಬಿಡಿ," ಅಂದರು ನಮ್ಮವರು ಹೆಮ್ಮೆಯಿಂದ. "ಇಪ್ಪತ್ತೆರಡು ವರ್ಷ ನಮ್ಮನೆ ಹೋಳಿಗೆ ಹೊತ್ತಿದೆ. ಎಲ್ಲಿ ನಿಂತ್ರೂ ಘಮ್ ಅನ್ನುತ್ತೆ."

ಭುಜಂಗ ಸೀಟನ್ನು ಮೂಸಿ ನೋಡಿ ತಲೆಯಾಡಿಸಿದ. ಮೇಷ್ಟ್ರು ಏನೋ ಹೇಳಲು ಎದ್ದು ನಿಂತಂತೆ ಕಂಡಿತು. ಅಷ್ಟರಲ್ಲಿ ಗಾಡಿ ಹೊರಟಿತು. ಉಳಿದ ನಾಲ್ಕು ಮನೆಗಳೂ ಮುಗಿದವು. "ಇದೇನು ಗಾಡಿನಾ, ಪೋಸ್ಟ್‌ಮ್ಯಾನಾ?" ಎಂದು ಭುಜಂಗ ಗೊಣಗಿದ. ನಾನು ಒಳಗೊಳಗೇ ನಗುತ್ತ ಸೀಟಿಗೆ ಒರಗಿದೆ.

ಕೆರೆ ಏರಿಯ ಕೆಳಗಿನ ರಸ್ತೆಗೆ ಬಂದಾಗ ಮಾತ್ರ ನಮ್ಮವರು ಇದ್ದಕ್ಕಿದ್ದಂತೆ, "ಸಾಕು ಭುಜಂಗಣ್ಣ, ಬ್ರೇಕ್ ಚೆನ್ನಾಗಿದೆಯಲ್ಲ, ಹಿಂದಕ್ಕೆ ಹೋಗೋಣ," ಅಂದರು. ಅವರ ದನಿ ತೆಳ್ಳಗಾಗಿತ್ತು. ನಾನು ತಿರುಗಿ ನೋಡುವುದರೊಳಗೆ ಗಾಡಿ ನಿಂತಿತು. ಎದುರಿಗೆ ಹಸಿರು ಬಣ್ಣದ ಗೇಟು, ಒಳಗೆ ದೊಡ್ಡ ದೊಡ್ಡ ಕೊಳದಪ್ಪಲೆಗಳು. ಅದು ಸರ್ವಮಂಗಳಳ ಅಡುಗೆ ಮನೆಯ ಹಿತ್ತಲು.

"ಷಡಕ್ಷರಣ್ಣಾ, ಇವತ್ತೇನು ಬೆಳಿಗ್ಗೇನೇ ಬಂದ್ರಿ?" ಎಂದು ಒಳಗಿನಿಂದಲೇ ದನಿ ಬಂತು. "ಪುಡಿ ತಂದ್ರಾ? ಒಂದು ನಿಮಿಷ ಇರಿ, ವಡೆ ಬಾಣಲೇಲಿದೆ." ಕೈಯಲ್ಲಿ ಜಾಲರಿ ಸೌಟು ಹಿಡಿದು ಸರ್ವಮಂಗಳ ಹೊರಗೆ ಬಂದಳು. ಮೊದಲು ಅಣ್ಣನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಸೌಟಿನಿಂದ ಎಣ್ಣೆ ಅವಳ ಕಾಲ ಮೇಲೆ ತೊಟ್ಟಿಕ್ಕಿದರೂ ಅವಳಿಗೆ ತಿಳಿಯಲಿಲ್ಲ.

"ಯಾವ ಪುಡಿ?" ಅಂದೆ ನಾನು.

ನಮ್ಮವರು ಹಗ್ಗವನ್ನು ಇನ್ನೂ ಎರಡು ಸುತ್ತು ಕೈಗೆ ಸುತ್ತಿಕೊಂಡರು.

"ಯಾವ ಪುಡಿ ರೀ?"

"ಸಾರಿನಪುಡಿ," ಅಂದರು ಅವರು ಕಾಲ ಕೆಳಗಿನ ತೂತಿನಲ್ಲಿ ಕಾಣುತ್ತಿದ್ದ ರಸ್ತೆಗೆ. "ವಾರಕ್ಕೊಂದು ಡಬ್ಬಿ. ಆಕೆಯ ವಡೆ ತುಂಬಾ ಚೆನ್ನಾಗಿರುತ್ತೆ ನೀಲಾ. ಸುಮ್ಮನೆ ಹೇಗೆ ತಿನ್ನೋದು ಅಂತ... ಭುಜಂಗಣ್ಣ ತಂಗಿಯ ಬೀದಿಗೆ ಬರಲ್ಲ ಅಂದ್ಕೊಂಡಿದ್ದೆ."

ನನ್ನ ನಿದ್ದೆ ಕೆಡಿಸಿದ್ದ ಆ ಸಾರು ನನ್ನದೇ ಪುಡಿಯದು! ಕೋಪ ಬಂತು. ನಿಜವಾಗಿಯೂ ಬಂತು, ಇಳಿದು ನಡೆದೇ ಮನೆಗೆ ಹೋಗಬೇಕೆನ್ನಿಸುವಷ್ಟು ಬಂತು. ಆದರೆ ಕಣ್ಣೆತ್ತಿದರೆ ಭುಜಂಗನ ಮುಖ ಕಂಡಿತು. ಊರಿನವರ ಗುಟ್ಟನ್ನೆಲ್ಲ ಅಂಗೈಯಲ್ಲಿಟ್ಟುಕೊಂಡು ತಿರುಗುತ್ತಿದ್ದವನು ಈಗ ತಂಗಿಯನ್ನೂ ನನ್ನನ್ನೂ ನೋಡುತ್ತಿದ್ದ. "ನಮ್ಮ ಮಂಗಳನ ಸಾರು ನಮ್ಮಜ್ಜಿ ಕಾಲದ್ದು" ಎಂದು ಊರೆಲ್ಲ ಹೇಳಿಕೊಂಡು ಬಂದವನೇ ಅವನು. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದು ನೋಡಿ ನಮ್ಮವರು ಇನ್ನೂ ಹೆದರಿದರು.

"ಮಂಗಳಾ, ಆ ವಡೆ ಸೀದು ಹೋಗುತ್ತೆ ನೋಡು," ಎಂದು ಇಳಿದು ಒಳಗೆ ಹೋದೆ. ತಟ್ಟೆ ಹಾಕಿಸಿಕೊಂಡು ತಿಂದೆ. ಸತ್ಯ ಹೇಳಬೇಕು, ನನ್ನ ವಡೆಗಿಂತ ಚೆನ್ನಾಗಿತ್ತು. ನಮ್ಮವರಿಗೆ ಕೊಡಬೇಡವೆಂದು ಹೇಳಿ ಎರಡನೆಯದನ್ನೂ ತಿಂದೆ.

ಭುಜಂಗ ನನ್ನನ್ನು ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಕರೆದ. "ಅಕ್ಕಾ, ಈ ಗಾಡಿ ನಾನು ತಗೊಳಲ್ಲ. ತಗೊಂಡ್ರೆ ಯಾರಿಗಾದ್ರೂ ಮಾರಬೇಕು. ಕೊಂಡವನು ಈ ಗೇಟಿನ ಮುಂದೆ ನಿಲ್ತಾನೆ. ದಮ್ಮಯ್ಯ, ರಿಪೇರಿ ಮಾಡಿಸಿ ನಿಮ್ಮಲ್ಲೇ ಇಟ್ಕೊಳ್ಳಿ."

"ಮಾಡಿಸಬಹುದು. ಇವರ ಸೊಂಟ ನೋವಿಗೆ ಏನು ಮಾಡೋದು?"

"ಹೊಸ ಸೀಟು ನಾನು ಹಾಕಿಸ್ತೀನಿ."

"ಖರ್ಚಲ್ಲಿ ಅರ್ಧ ನಂದು," ಅಂದಳು ಬಾಗಿಲಲ್ಲಿ ನಿಂತಿದ್ದ ಸರ್ವಮಂಗಳ. ಆಮೇಲೆ ತಲೆ ತಗ್ಗಿಸಿ, "ಪುಡಿ ಮಾತ್ರ ನಿಲ್ಲಿಸಬೇಡಿ ಅಕ್ಕ. ಮುಂದಿನ ವಾರ ಅಣ್ಣನ ಮಗಳ ಮದುವೆ. ಅಡುಗೆ ನಂದು. ಹೋಳಿಗೆ ನಿಮ್ಮದು ಬರಲಿ. ಆ ಹೋಳಿಗೆ ನನ್ನ ಕೈಯಲ್ಲಿ ಏನು ಮಾಡಿದ್ರೂ ಬರಲ್ಲ," ಅಂದಳು.

"ನನ್ನ ಕೈಯಲ್ಲೂ ಬರಲ್ಲ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

ಮನೆಗೆ ಹೋಗುವ ದಾರಿಯಲ್ಲಿ ನಮ್ಮವರಿಗೆ ಮಾತ್ರ ಹೇಳಿದೆ. ಇಷ್ಟಾದ ಮೇಲೆ ನಾನೊಬ್ಬಳೇ ಸಾಚಾ ಎಂಬಂತೆ ಕೂರುವುದು ಸರಿಯೆನಿಸಲಿಲ್ಲ.

"ಅಂದ್ರೆ ಅಮ್ಮನೂ ಮಾಡ್ತಿರಲಿಲ್ವಾ?"

"ಇಲ್ಲ."

"ಅಂದ್ರೆ ನಾನು ಇಷ್ಟು ವರ್ಷ ಅಮ್ಮನ ಕೈರುಚಿ, ಅಮ್ಮನ ಕೈರುಚಿ ಅಂತ ಹೊಗಳಿದ್ದು ಮರುಳಸಿದ್ದಯ್ಯ ಮೇಷ್ಟ್ರನ್ನಾ?" ಅವರ ಮುಖ ನೋಡುವ ಹಾಗಿತ್ತು. "ಅವರು ನನಗೆ ಎಂಟನೇ ಕ್ಲಾಸಿನಲ್ಲಿ ಬೆತ್ತ ಮುರಿಯೋ ಹಾಗೆ ಹೊಡೆದಿದ್ದಾರೆ ಕಣೆ!"

ಸಂಜೆ ಮೇಷ್ಟ್ರಲ್ಲಿಗೆ ಓಡಿದೆ. ನಮ್ಮ ಉಪಾಯ ಗೆದ್ದಿತೆಂದೂ, ಭುಜಂಗನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲವೆಂದೂ, ಗಾಡಿ ಇನ್ನು ನಮ್ಮಲ್ಲೇ ಉಳಿಯುತ್ತದೆಂದೂ ಒಂದೇ ಉಸಿರಿಗೆ ಹೇಳಿದೆ. ಅವರು ಅದೇ ಬಿಳಿ ಅಂಗಿಯಲ್ಲಿ ಕೂತಿದ್ದರು.

"ಅಂದ್ರೆ ಯಾರಿಗೂ ಗೊತ್ತಾಗ್ಲಿಲ್ಲ," ಅಂದರು.

"ಯಾರಿಗೂ ಇಲ್ಲ ಮೇಷ್ಟ್ರೇ. ಇವರಿಗೆ ಮಾತ್ರ ನಾನೇ ಹೇಳಿದೆ."

"ಒಳ್ಳೇದಾಯ್ತು," ಎಂದು ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಒಳ್ಳೆಯದಾದವರ ಮುಖವಾಗಿರಲಿಲ್ಲ ಅದು. ಒಳಗೆ ಹೋಗಿ ಹೂರಣದ ಪಾತ್ರೆಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದರು. "ನಾನು ನೋಡ್ತಿದ್ದೆ. ಅವನು ಮೂಗು ಅರಳಿಸಿದ. ಸರಿ, ಈಗ ಕೇಳ್ತಾನೆ, ಹೇಳಿಬಿಡೋಣ ಅಂತ ಎದ್ದೂ ಬಿಟ್ಟೆ. ಹಾಳು ಗಾಡಿ ಹೊರಟು ಹೋಯ್ತು."

ನಾನು ಬಾಗಿಲಲ್ಲೇ ನಿಂತೆ. ಒಂದು ತಿಂಗಳು ಹನ್ನೊಂದು ಮನೆಯ ಕರಿಬೇವು ಹೊತ್ತದ್ದು ಇದಕ್ಕಾಗಿಯೇ ಎಂದು ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ಎಪ್ಪತ್ತನಾಲ್ಕು ನನಗೆ," ಅಂದರು ಮೇಷ್ಟ್ರು ನನ್ನ ಕಡೆ ನೋಡದೆ. "ಬೀದಿಯಲ್ಲಿ ಎದುರು ಬಂದ್ರೆ ಎಲ್ಲರೂ ಬೆನ್ನು ನೆಟ್ಟಗೆ ಮಾಡ್ತಾರೆ. ಚೆನ್ನಾಗಿದೆ ಅಂತ ಯಾರೂ ನನಗೆ ಯಾವತ್ತೂ ಏನೂ ಹೇಳಿಲ್ಲಮ್ಮಾ."

ಮದುವೆಯ ದಿನ ಬೆಳಗಿನ ಜಾವ ನಾಲ್ಕೂವರೆಗೆ, ಬುಟ್ಟಿಯ ಬದಲು ಮೇಷ್ಟ್ರನ್ನೇ ಹತ್ತಿಸಿಕೊಂಡು ಛತ್ರಕ್ಕೆ ಹೋದೆ. ಸರ್ವಮಂಗಳ ಒಲೆಯ ಮುಂದಿನಿಂದ ಎದ್ದವಳು ಎದ್ದಂತೆಯೇ ನಿಂತಳು. ಮೇಷ್ಟ್ರು ಅಂಗಿಯ ತೋಳು ಮಡಚಿ, ಮಣೆ ಎಳೆದುಕೊಂಡು ಕೂತು, ಕಣಕಕ್ಕೆ ಎಣ್ಣೆ ಸುರಿದರು. ಸ್ವಲ್ಪ ಹೊತ್ತಿಗೆ ಅಡುಗೆ ಎಲ್ಲಿಗೆ ಬಂತೆಂದು ನೋಡಲು ಬಂದ ಭುಜಂಗ ಬಾಗಿಲಲ್ಲಿ ಕಲ್ಲಾಗಿಬಿಟ್ಟ.

"ಸಾರ್... ನೀವಿಲ್ಲಿ... ಏನು ಮಾಡ್ತಿದ್ದೀರಿ?"

"ಕಾಣಲ್ವೇನೋ? ಹೋಳಿಗೆ ತಟ್ತಾ ಇದೀನಿ. ನಿಂತ್ಕೊಂಡು ನೋಡ್ತೀಯಲ್ಲ, ಆ ಬಾಳೆ ಎಲೆ ಒರೆಸಿ ಒಂದೊಂದಾಗಿ ಕೊಡು ಇಲ್ಲಿ."

ಮದುವಣಗಿತ್ತಿಯ ತಂದೆ ರೇಷ್ಮೆ ಪಂಚೆ ಎತ್ತಿ ಕಟ್ಟಿ ಕೂತು ಎಲೆ ಒರೆಸಿದ. ಮುಹೂರ್ತಕ್ಕೆ ಪುರೋಹಿತರು ಎರಡು ಸಲ ಕೂಗಿದ ಮೇಲೆ ಮೇಷ್ಟ್ರು ಅವನಿಗೆ ಎದ್ದು ಹೋಗಲು ಅನುಮತಿ ಕೊಟ್ಟರು. ಅಷ್ಟು ಹೊತ್ತಿಗೆ ಸುದ್ದಿ ಛತ್ರದ ತುಂಬ ಹರಡಿ, ಅಡುಗೆ ಮನೆಯ ಕಿಟಕಿಗೆ ತಲೆಗಳು ಮುತ್ತಿಕೊಂಡಿದ್ದವು. ನನ್ನ ಹೆಸರು ಮಣ್ಣುಪಾಲಾಯಿತೆಂದುಕೊಂಡಿದ್ದೆ. ಆದರೆ ನನ್ನ ಕಡೆ ಒಬ್ಬರೂ ನೋಡಲಿಲ್ಲ.

ಊಟಕ್ಕೆ ಕೂತಾಗ ಹೋಳಿಗೆಯನ್ನು ತಾವೇ ಬಡಿಸುತ್ತೇನೆಂದು ಮೇಷ್ಟ್ರು ಪಂಕ್ತಿಗೆ ಇಳಿದರು. ತಹಶೀಲ್ದಾರರು, ಬ್ಯಾಂಕಿನವರು, ನಮ್ಮ ಯಜಮಾನರು, ಎಲ್ಲ ಹಳೆಯ ವಿದ್ಯಾರ್ಥಿಗಳೂ ಅವರು ಹತ್ತಿರ ಬಂದಂತೆ ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿದರು. ಪ್ರತಿ ಎಲೆಯ ಮುಂದೂ ನಿಂತು, ಮೊದಲ ತುತ್ತು ಬಾಯಿಗೆ ಹೋಗುವವರೆಗೆ ಕಾದು, "ಹೇಗಿದೆ?" ಎಂದು ಕೇಳಿದರು. "ತುಂಬಾ ಚೆನ್ನಾಗಿದೆ ಸಾರ್," ಎಂದವರಿಗೆ ಇನ್ನೆರಡು ಹಾಕಿದರು. ಸಾಕು ಎನ್ನುವ ಧೈರ್ಯ ಆ ಪಂಕ್ತಿಯಲ್ಲಿ ಒಬ್ಬನಿಗೂ ಇರಲಿಲ್ಲ.